ಊರ ವರ್ತಮಾನದ ಋಣ



ಇಪ್ಪತ್ತು ವರ್ಷಗಳಿಗೂ ಹಿಂದಿನ ಮಾತು. 2004ರ ಜೂನ್ ತಿಂಗಳಲ್ಲಿ ನಾನು ದಕ್ಷಿಣ ಬೆಂಗಳೂರಿನ ಒಂದು ಧರ್ಮಕೇಂದ್ರದ ಹೊಣೆ ಹೊತ್ತು ಬಂದೆ. ಪುಸ್ತಕದ ಪೆಟ್ಟಿಗೆಗಳನ್ನು ಇನ್ನೂ ಬಿಚ್ಚಿರಲಿಲ್ಲ. ಅಷ್ಟರಲ್ಲಿಯೇ ಒಂದು ಬೆಳಿಗ್ಗೆ ಗುರುನಿವಾಸದ ಬಾಗಿಲಡಿಯಿಂದ ನಾಲ್ಕು ಪುಟಗಳ ಒಂದು ಪಾಕ್ಷಿಕ ಪತ್ರಿಕೆ ಒಳಗೆ ಜಾರಿ ಬಂದಿತ್ತು. ತಲೆಯ ಮೇಲೆ ನೀಲಿ ಶಾಯಿಯಲ್ಲಿ ‘ಗೌರವ ಪ್ರತಿ’ ಎಂಬ ಮೊಹರು. ಕಾವೇರಿ ನೀರು ಯಾವ ಬ್ಲಾಕಿಗೆ ಯಾವ ದಿನ ಬರುತ್ತದೆ, ಯಾವ ಅಡ್ಡರಸ್ತೆಯಲ್ಲಿ ಒಳಚರಂಡಿ ಕಾಮಗಾರಿ ಅರ್ಧಕ್ಕೆ ನಿಂತಿದೆ, ಸಮುದಾಯ ಭವನದಲ್ಲಿ ಕಣ್ಣಿನ ತಪಾಸಣಾ ಶಿಬಿರ ಎಂದು, ದ್ವಿತೀಯ ಪಿಯುಸಿಯಲ್ಲಿ ಉತ್ತಮ ಅಂಕ ಪಡೆದ ಹೂ ಮಾರುವಾಕೆಯ ಮಗಳು ಯಾರು, ಕಳೆದುಹೋದ ನಾಯಿ, ಬಾಡಿಗೆಗಿರುವ ಮನೆ, ತೀರಿಹೋದ ನಿವೃತ್ತ ಮುಖ್ಯೋಪಾಧ್ಯಾಯರು. ಮುಂದಿನ ಸಂಚಿಕೆಗಳಲ್ಲಿ ಬನಶಂಕರಿ ಅಮ್ಮನ ಜಾತ್ರೆಯ ವರದಿ ಬಂದ ಪುಟದಲ್ಲಿಯೇ ಬೇರೆ ಬೇರೆ ತಿಂಗಳುಗಳಲ್ಲಿ ನಮ್ಮ ಮಾತೆ ಮರಿಯಮ್ಮನವರ ಹಬ್ಬದ ಪ್ರಕಟಣೆಯೂ ಈದ್ ಪ್ರಾರ್ಥನೆಯ ವೇಳೆಯೂ ಬಂದವು. ಅಚ್ಚು ಅಷ್ಟೇನೂ ಚೆನ್ನಾಗಿರಲಿಲ್ಲ. ಕಾಗುಣಿತದ ತಪ್ಪುಗಳು ಧಾರಾಳವಾಗಿದ್ದವು. ಗುರುಮಠದ ಶಿಸ್ತಿನಲ್ಲಿ ಬೆಳೆದ ನಾನು ಆರಂಭದ ದಿನಗಳಲ್ಲಿ ಕೆಂಪು ಪೆನ್ನು ಹಿಡಿದು ಅವುಗಳನ್ನು ಎಣಿಸಿದ್ದೂ ಉಂಟು.

ನಾಲ್ಕೈದು ತಿಂಗಳು ಕಳೆದಿರಬಹುದು. ಆ ಪತ್ರಿಕೆಯ ಮೊದಲ ಪುಟದಲ್ಲಿ ನಮ್ಮ ದೇವಾಲಯದ ಸುತ್ತುಗೋಡೆಯ ಚಿತ್ರ ಬಂತು. ಹೊಸದಾಗಿ ಕಟ್ಟಿದ ಗೋಡೆಯು ಪಾದಚಾರಿ ಮಾರ್ಗವನ್ನು ಆರು ಅಡಿ ನುಂಗಿದೆ, ಇದರಲ್ಲಿ ಅಧಿಕಾರಿಗಳೂ ಶಾಮೀಲಾಗಿದ್ದಾರೆ ಎಂದು ಬರೆದಿತ್ತು. ನನಗೆ ಬಂದ ಸಿಟ್ಟನ್ನು ಇಲ್ಲಿ ವರ್ಣಿಸುವುದು ಬೇಡ. ಕೊನೆಯ ಪುಟದ ಬುಡದಲ್ಲಿ ಸಣ್ಣ ಅಕ್ಷರಗಳಲ್ಲಿದ್ದ ವಿಳಾಸವನ್ನು ಹಿಡಿದು ಅಂದೇ ಸಂಜೆ ಬನಶಂಕರಿ ಎರಡನೆಯ ಹಂತದ ಆ ಮನೆಯ ಬಾಗಿಲು ತಟ್ಟಿದೆ. ಸಾರ್ವಜನಿಕ ಉದ್ದಿಮೆಯೊಂದರಿಂದ ಸ್ವಯಂನಿವೃತ್ತಿ ಪಡೆದ ಹಿರಿಯರೊಬ್ಬರು ಪತ್ರಿಕೆಯ ಸಂಪಾದಕರು, ವರದಿಗಾರರು, ಹಂಚುವವರು, ಎಲ್ಲವೂ. “ಬನ್ನಿ ಫಾದರ್, ಬರುತ್ತೀರಿ ಅಂತ ಗೊತ್ತಿತ್ತು” ಎಂದರು. ಅವರ ಮನೆಯಾಕೆ ಕಾಫಿ ತಂದಿಟ್ಟರು. ಅವರು ಮೇಜಿನ ಮೇಲೆ ಬಡಾವಣೆಯ ನಕ್ಷೆಯನ್ನು ಹರಡಿದರು.

ಮರುದಿನ ಬೆಳಿಗ್ಗೆ ಇಬ್ಬರೂ ಟೇಪು ಹಿಡಿದು ಅಳೆದೆವು. ಗೋಡೆ ಹೊರಗೆ ಬಂದಿದ್ದುದು ನಿಜ. ಆರು ಅಡಿಯಲ್ಲ, ಎರಡು ಅಡಿ. ಅಧಿಕಾರಿಗಳು ಶಾಮೀಲು ಎನ್ನುವುದಕ್ಕೆ ಅವರಲ್ಲಿ ಆಧಾರವಿರಲಿಲ್ಲ. ಯಾರೋ ಹೇಳಿದ್ದನ್ನು ಬರೆದಿದ್ದರು. ಮುಂದಿನ ಸಂಚಿಕೆಯ ಮೊದಲ ಪುಟದಲ್ಲಿಯೇ ತಿದ್ದುಪಡಿ ಬಂತು: ಅಳತೆ ತಪ್ಪಾಗಿತ್ತು, ಶಾಮೀಲಿನ ಮಾತನ್ನು ಹಿಂದೆಗೆದುಕೊಳ್ಳುತ್ತೇವೆ, ವಿಷಾದಿಸುತ್ತೇವೆ ಎಂದು. ನಾವೂ ಆ ವರ್ಷದ ಕ್ರಿಸ್ಮಸ್‌ಗೆ ಮುನ್ನ ಗೋಡೆಯನ್ನು ಒಡೆದು ಎರಡು ಅಡಿ ಒಳಗೆ ಕಟ್ಟಿಸಿದೆವು. ಹಣಕಾಸು ಸಮಿತಿಯ ಒಬ್ಬಿಬ್ಬರು ನನ್ನೊಡನೆ ಕೆಲವು ಕಾಲ ಮಾತು ಬಿಟ್ಟಿದ್ದರು ಎನ್ನುವುದು ಬೇರೆ ಮಾತು.

ಇನ್ನು ಇದರ ಜೊತೆಗಿಟ್ಟು ನೋಡಬೇಕಾದ ಎರಡನೆಯ ಪ್ರಸಂಗ. ವರ್ಗಾವಣೆಯ ಮೇಲೆ ಬೇರೆಡೆ ಹೋಗಿದ್ದವನು 2016ರಲ್ಲಿ ಅದೇ ಭಾಗಕ್ಕೆ ಮರಳಿ ಬಂದೆ. 2020ರ ಲಾಕ್‌ಡೌನಿನಲ್ಲಿ ನಮ್ಮ ಯುವಕರು ಸುತ್ತಲಿನ ಕಟ್ಟಡ ಕಾರ್ಮಿಕರಿಗೂ ಮನೆಗೆಲಸದ ಹೆಣ್ಣುಮಕ್ಕಳಿಗೂ ದಿನಸಿಯ ಚೀಲಗಳನ್ನು ಹಂಚಿದರು. ಮೂರನೆಯ ವಾರದಲ್ಲಿ ಒಂದು ಧ್ವನಿಮುದ್ರಿಕೆ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಓಡಾಡತೊಡಗಿತು. ಚರ್ಚಿನವರು ತಮ್ಮವರಿಗೆ ಮಾತ್ರ ಕೊಡುತ್ತಿದ್ದಾರೆ, ಉಳಿದವರ ಆಧಾರ್ ಸಂಖ್ಯೆ ಬರೆದುಕೊಂಡು ಬರಿಗೈಯಲ್ಲಿ ಕಳಿಸುತ್ತಿದ್ದಾರೆ ಎಂದು ಯಾರೋ ಒಬ್ಬ ಗಂಡಸಿನ ಧ್ವನಿ. ಅದು ಸುಳ್ಳು. ಆದರೆ ಯಾರ ಬಾಗಿಲನ್ನು ತಟ್ಟಲಿ? ಕಳಿಸಿದವರನ್ನು ಕೇಳಿದರೆ ತಮಗೂ ಬಂದದ್ದು ಎಂದರು. ಅವರಿಗೆ ಕಳಿಸಿದವರೂ ಅದನ್ನೇ ಹೇಳಿದರು. ಆರನೆಯವರ ತನಕ ಹೋಗಿ ಸುಸ್ತಾಗಿ ಕೈಬಿಟ್ಟೆ. ತಿದ್ದುಪಡಿ ಬರಲಿಲ್ಲ, ಬರುವಂತೆಯೂ ಇರಲಿಲ್ಲ. ಇಂದಿಗೂ ನಮ್ಮ ಎದುರು ಬೀದಿಯ ಒಂದು ಮನೆಯವರು ನನ್ನನ್ನು ಕಂಡರೆ ಮುಖ ತಿರುಗಿಸುತ್ತಾರೆ. ಅವರ ತಪ್ಪೇನೂ ಇಲ್ಲ. ಅವರು ಕೇಳಿದ್ದನ್ನು ನಂಬಿದ್ದಾರೆ.

ಸುಳ್ಳು ಎರಡೂ ಕಡೆ ಇತ್ತು ಎಂಬುದನ್ನು ಗಮನಿಸಿ. ಚಿಕ್ಕ ಪತ್ರಿಕೆಯೂ ಸುಳ್ಳು ಬರೆಯಿತು. ಆದರೆ ಅದರ ಬುಡದಲ್ಲಿ ಒಂದು ಹೆಸರು, ಒಂದು ವಿಳಾಸ ಇತ್ತು. ಮುದ್ರಕರು ಇಂಥವರು, ಪ್ರಕಾಶಕರು ಇಂಥವರು, ಇಂಥಲ್ಲಿ ಮುದ್ರಿತವಾದದ್ದು ಎಂಬ ಆ ಸಾಲನ್ನು ನಾವು ಯಾರೂ ಓದುವುದಿಲ್ಲ. ಮುದ್ರಕನ ಹೆಸರು, ಸ್ಥಳಗಳನ್ನು ಹಾಕಲೇಬೇಕೆಂದು ವಿಧಿಸಿದ್ದು 1867ರ ಮುದ್ರಣಾಲಯ ಮತ್ತು ಪುಸ್ತಕಗಳ ನೋಂದಣಿ ಕಾಯಿದೆ. 2024ರ ಮಾರ್ಚ್ 1ರಿಂದ ಅದರ ಸ್ಥಾನಕ್ಕೆ ಹೊಸ ಕಾಯಿದೆ ಬಂದಿದೆ. ಬ್ರಿಟಿಷರು ಅದನ್ನು ಮಾಡಿದ್ದು ನಮ್ಮ ಮೇಲಿನ ಪ್ರೀತಿಯಿಂದಲ್ಲ, ಅಚ್ಚಾಗುವುದರ ಮೇಲೆ ಒಂದು ಕಣ್ಣಿಡಲು. ಆದರೂ ಅದರಿಂದ ಒಂದು ಒಳಿತಾಯಿತು. ಮಾತನಾಡಿದವನು ಎಲ್ಲಿ ಸಿಗುತ್ತಾನೆ ಎಂಬುದು ಮಾತು ಯಾರನ್ನು ನೋಯಿಸಿತೋ ಅವನಿಗೆ ಗೊತ್ತಾಗುವಂತಾಯಿತು.

ಚಿಕ್ಕ ಪತ್ರಿಕೆ ನಮ್ಮ ನಾಡಿಗೆ ಹೊಸದಲ್ಲ. ನಿಜ ಹೇಳುವುದಾದರೆ ಕನ್ನಡದ ಪತ್ರಿಕೋದ್ಯಮ ಹುಟ್ಟಿದ್ದೇ ಊರ ಪತ್ರಿಕೆಯಾಗಿ. 1843ರ ಜುಲೈ 1ರಂದು ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗರು ಕಲ್ಲಚ್ಚಿನಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರತಂದರು. ಅದರಲ್ಲಿ ಸರಕಾರದ ನಿರೂಪಗಳಿದ್ದವು, ಬೇರೆ ರಾಜ್ಯಗಳ ಸುದ್ದಿಗಳಿದ್ದವು, ಕಥೆಗಳಿದ್ದವು. ಅವುಗಳೊಡನೆ ಊರ ವರ್ತಮಾನವೂ ಇತ್ತು. ಮೋಗ್ಲಿಂಗರು ನಮ್ಮ ಸಭೆಯವರಲ್ಲ, ಪ್ರೊಟೆಸ್ಟೆಂಟ್ ಮಿಷನರಿ, ಜರ್ಮನಿಯಿಂದ ಬಂದವರು. ಮಂಗಳೂರಿಗರು ಮಂಗಳೂರಿನ ಸುದ್ದಿಯನ್ನು ತಮ್ಮ ನುಡಿಯಲ್ಲಿ ಓದಬೇಕು ಎಂದು ಆ ಹೊರಗಿನವರಿಗೆ ತೋಚಿತು. ಮರುವರ್ಷವೇ ಪತ್ರಿಕೆ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು. ಮಂಗಳೂರಿನ ಹೆಸರಿನಲ್ಲಿ ಬಾಳಿದ್ದು ಒಂದು ವರ್ಷವೂ ಇಲ್ಲ. ಅದು ಹುಟ್ಟಿದ ದಿನವನ್ನೇ ನಾವು ಇಂದು ಕರ್ನಾಟಕದಲ್ಲಿ ಪತ್ರಿಕಾ ದಿನವಾಗಿ ಆಚರಿಸುತ್ತೇವೆ.

ಬಾಗಿಲಡಿಯಿಂದ ಹಾಳೆ ತೂರಿಸುವ ಕೆಲಸಕ್ಕೆ ನಮ್ಮಲ್ಲಿಯೂ ಒಬ್ಬ ಹಿರಿಯರಿದ್ದಾರೆ. 1594ರ ನಂತರದ ವರ್ಷಗಳಲ್ಲಿ ಶಾಬ್ಲೇ ಎಂಬ ಸೀಮೆಯಲ್ಲಿ ಜನರು ಉಪದೇಶ ಕೇಳಲು ಬರುತ್ತಿರಲಿಲ್ಲವಾಗಿ ಸಂತ ಫ್ರಾನ್ಸಿಸ್ ದ ಸೇಲ್ಸರು ಕೈಬರಹದ ಹಾಳೆಗಳನ್ನು ಮನೆಗಳ ಬಾಗಿಲಡಿಯಿಂದ ಒಳಗೆ ತಳ್ಳುತ್ತಿದ್ದರು. 1923ರಲ್ಲಿ ಹನ್ನೊಂದನೆಯ ಪಿಯುಸ್ ಜಗದ್ಗುರುಗಳು ಅವರನ್ನು ಲೇಖಕರ ಮತ್ತು ಪತ್ರಕರ್ತರ ಪಾಲಕ ಸಂತರೆಂದು ಸಾರಿದರು. ಬನಶಂಕರಿಯ ನಮ್ಮ ಸಂಪಾದಕರಿಗೆ ಒಮ್ಮೆ ಈ ವಿಷಯ ಹೇಳಿದೆ. “ಅವರ ಕಾಲದಲ್ಲಿ ಬೀದಿನಾಯಿಗಳಿದ್ದವೇ ಫಾದರ್?” ಎಂದು ಕೇಳಿದರು.

ಇಂಥ ಪತ್ರಿಕೆಗಳು ಏಕೆ ನಿಲ್ಲುತ್ತವೆ? ಮೊಬೈಲ್ ಬಂದಿತು, ಓದುವವರು ಹೋದರು ಎಂದು ಸುಲಭವಾಗಿ ಹೇಳಿಬಿಡುತ್ತೇವೆ. ಸಂಪಾದಕರು ನನಗೆ ತಿಳಿಸಿದ ಲೆಕ್ಕ ಬೇರೆ. ಓದುಗರು ಹೋಗುವ ಮೊದಲೇ ಜಾಹೀರಾತು ಹೋಯಿತು. ಬಾಡಿಗೆಗೆ ಮನೆ, ಗಣಿತದ ಮನೆಪಾಠ, ಹಳೆಯ ಸ್ಕೂಟರ್, ಅಡುಗೆಯವರು ಬೇಕಾಗಿದ್ದಾರೆ ಎಂಬ ಎರಡೆರಡು ಸಾಲಿನ ಪ್ರಕಟಣೆಗಳೇ ಅವರ ಪತ್ರಿಕೆಯ ಬೆನ್ನೆಲುಬು. ಅವೆಲ್ಲ ಅಂತರ್ಜಾಲಕ್ಕೆ ಹೋದವು. ಅಲ್ಲಿ ಬಿಟ್ಟಿಯಾಗಿ ಹಾಕಬಹುದು, ಚಿತ್ರವನ್ನೂ ಹಾಕಬಹುದು. ಜಯನಗರ ನಾಲ್ಕನೆಯ ಬ್ಲಾಕಿನ ಬಟ್ಟೆ ಅಂಗಡಿಯವರು, ಜೆ.ಪಿ. ನಗರದ ದಂತವೈದ್ಯರು, ಎಲ್ಲರೂ ಗೂಗಲ್ ನಕ್ಷೆಯಲ್ಲಿ ತಮ್ಮ ಹೆಸರು ಬಂದರೆ ಸಾಕು ಎಂದುಕೊಂಡರು. 2016ರ ನವೆಂಬರಿನ ನೋಟು ರದ್ದತಿ, ಮರುವರ್ಷದ ಜಿಎಸ್‌ಟಿ, ಇವುಗಳಿಂದ ಬಳಲಿದ ಸಣ್ಣ ವ್ಯಾಪಾರಿಗಳು ಮೊದಲು ಕಡಿತ ಮಾಡಿದ ಖರ್ಚು ಜಾಹೀರಾತಿನದೇ. 2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಬಂತು. ಕಾಗದದಿಂದ ಸೋಂಕು ಬರುತ್ತದೆ ಎಂಬ ಭಯದಲ್ಲಿ ಅನೇಕ ಅಪಾರ್ಟ್‌ಮೆಂಟುಗಳು ಪತ್ರಿಕೆಯ ಹುಡುಗರನ್ನು ಗೇಟಿನಲ್ಲಿಯೇ ತಡೆದವು. ದೊಡ್ಡ ಪತ್ರಿಕೆಗಳೇ ಆಗ ತತ್ತರಿಸಿದವು. ನಮ್ಮ ಪಾಕ್ಷಿಕ ಆ ಮಾರ್ಚಿನ ಮೊದಲ ಸಂಚಿಕೆಯ ನಂತರ ಬರಲಿಲ್ಲ.

ಇದು ನಮ್ಮೂರಿನ ಕಥೆ ಮಾತ್ರವಲ್ಲ. ಅಮೆರಿಕದಲ್ಲಿ 2005ರಲ್ಲಿದ್ದ ಪತ್ರಿಕೆಗಳ ಪೈಕಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಈಗ ಇಲ್ಲ. ಹೋದವುಗಳಲ್ಲಿ ಬಹುಪಾಲು ಚಿಕ್ಕ ಊರುಗಳ ವಾರಪತ್ರಿಕೆಗಳು. ಊರ ಪತ್ರಿಕೆ ಮುಚ್ಚಿದ ಮೇಲೆ ಅಲ್ಲಿನ ಪೌರಾಡಳಿತಗಳು ಮಾಡುವ ಸಾಲಕ್ಕೆ ಬಡ್ಡಿ ಏರುತ್ತದೆ ಎಂದು ಅಲ್ಲಿಯ ಸಂಶೋಧಕರು ತೋರಿಸಿದ್ದಾರೆ. ನೋಡುವವರಿಲ್ಲದ ಕಡೆ ಹಣ ಪೋಲಾಗುತ್ತದೆ ಎಂದು ಸಾಲ ಕೊಡುವವರಿಗೆ ಗೊತ್ತು! ಅದನ್ನು ತೆರುವವರು ಪತ್ರಿಕೆಗೆ ಚಂದಾ ಕೊಡದ ಅದೇ ನಾಗರಿಕರು. ಇತ್ತ ನಮ್ಮ ಮೈಸೂರಿನಲ್ಲಿ ಕೆ. ಬಿ. ಗಣಪತಿಯವರು 1978ರಲ್ಲಿ ಆರಂಭಿಸಿದ ‘ಸ್ಟಾರ್ ಆಫ್ ಮೈಸೂರ್’ ಮತ್ತು ‘ಮೈಸೂರು ಮಿತ್ರ’ ಪತ್ರಿಕೆಗಳು ಇಂದಿಗೂ ಬರುತ್ತಿವೆ. ಮೈಸೂರಿಗರಿಗೆ ತಮ್ಮದು ಒಂದು ಊರು ಎಂಬ ಭಾವನೆ ಇದೆ. ನಮ್ಮ ಬಡಾವಣೆಗಳಲ್ಲಿ ಒಂದೊಂದೂ ಒಂದು ತಾಲೂಕು ಕೇಂದ್ರದಷ್ಟು ದೊಡ್ಡದು, ಆದರೆ ಊರಲ್ಲ. ಬಾಡಿಗೆಯ ಕರಾರು ಹನ್ನೊಂದು ತಿಂಗಳದು. ಬಿಟಿಎಂ ಬಡಾವಣೆಯ ಪಿಜಿಗಳಲ್ಲಿರುವ ಸಾವಿರಾರು ಯುವಕ ಯುವತಿಯರಿಗೆ ಆ ಮೂರು ಅಕ್ಷರಗಳೊಳಗೆ ಭೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳು ಅಡಗಿವೆ ಎಂದು ಹೇಳುವವರು ಯಾರು?

ಇದರಿಂದ ನಷ್ಟವೇನು ಎಂದು ನೀವು ಕೇಳಬಹುದು. ಒಂದೇ ನಿದರ್ಶನ ಕೊಡುತ್ತೇನೆ. 2015ರ ಏಪ್ರಿಲಿನಲ್ಲಿ ಜೆ.ಪಿ. ನಗರದ ಬಳಿಯ ಸಾರಕ್ಕಿ ಕೆರೆಯ ಒತ್ತುವರಿಯನ್ನು ತೆರವುಗೊಳಿಸಿದಾಗ ಅಲ್ಲಿ ಮನೆ ಕೊಂಡಿದ್ದ ಎಷ್ಟೋ ಕುಟುಂಬಗಳು ಬೀದಿಗೆ ಬಂದವು. ಬುಲ್ಡೋಜರ್ ಬಂದ ದಿನ ಎಲ್ಲ ದೊಡ್ಡ ಪತ್ರಿಕೆಗಳೂ ವಾಹಿನಿಗಳೂ ಅಲ್ಲಿದ್ದವು. ಆದರೆ ಕೆರೆಯ ಗಡಿ ಎಲ್ಲಿಯವರೆಗಿದೆ ಎಂಬ ದಾಖಲೆ ಕಂದಾಯದ ಕಚೇರಿಗಳಲ್ಲಿ ಮೊದಲಿನಿಂದಲೂ ಇದ್ದದ್ದೇ. ತಿಂಗಳಿಗೊಮ್ಮೆ ಆ ಕಚೇರಿಯ ಮೆಟ್ಟಿಲು ಹತ್ತಿ, ಗುಮಾಸ್ತರ ಗದರಿಕೆಯನ್ನು ಸಹಿಸಿ, ಸರ್ವೆ ನಂಬರುಗಳನ್ನು ಬರೆದುಕೊಂಡು ಬಂದು ಅಚ್ಚು ಹಾಕುವಂಥವನು ಬೇಕು. ಅವನು ದೊಡ್ಡ ಪತ್ರಿಕೆಯಲ್ಲಿ ಇರಲಾರ, ಏಕೆಂದರೆ ಆ ಸರ್ವೆ ನಂಬರುಗಳು ಬೀದರಿನ ಓದುಗನಿಗೆ ಬೇಕಿಲ್ಲ. ಇನ್ನೊಂದು ಮಾತು. 2020ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ 198 ವಾರ್ಡುಗಳ ಪಾಲಿಕೆ ಸದಸ್ಯರ ಅವಧಿ ಮುಗಿಯಿತು. ಆ ಮೇಲೆ ವರ್ಷಗಟ್ಟಲೆ ನಗರವು ಚುನಾಯಿತ ಸದಸ್ಯರಿಲ್ಲದೆ ಅಧಿಕಾರಿಗಳ ಕೈಯಲ್ಲಿ ನಡೆಯಿತು. 2025ರಲ್ಲಿ ಪಾಲಿಕೆಯನ್ನೇ ಒಡೆದು ಐದಾಗಿಸಿದರು. ಬೀದಿಯ ದೀಪ ಕೆಟ್ಟರೆ ಹೇಳಿಕೊಳ್ಳಲು ಕಾರ್ಪೊರೇಟರೂ ಇರಲಿಲ್ಲ, ಬರೆಯಲು ಪತ್ರಿಕೆಯೂ ಇರಲಿಲ್ಲ. ಎರಡೂ ಒಂದೇ ವರ್ಷದಲ್ಲಿ ಹೋದವು.

ಹಾಗೆಂದು ಚಿಕ್ಕ ಪತ್ರಿಕೆಗಳನ್ನೆಲ್ಲ ನಾನು ಪೀಠದ ಮೇಲೆ ಕೂರಿಸುತ್ತಿಲ್ಲ. ನಮ್ಮ ಕನ್ನಡದಲ್ಲಿ ‘ರೋಲ್‌ಕಾಲ್’ ಎಂಬ ಒಂದು ಮಾತಿದೆ. ಬರೆಯುತ್ತೇನೆ ಎಂದು ಬೆದರಿಸಿ ಹಣ ಕೀಳುವವರಿಗೆ ಪತ್ರಕರ್ತರೇ ಇಟ್ಟ ಹೆಸರು. ಕಟ್ಟಡ ಕಟ್ಟುವ ಯಾವ ಸಂಸ್ಥೆಯವರನ್ನಾದರೂ ಕೇಳಿ, ಅವರ ಗೇಟಿಗೆ ಬಂದು ನಿಂತ ‘ಸಂಪಾದಕ’ರ ಕಥೆಗಳನ್ನು ಹೇಳುತ್ತಾರೆ. ವರ್ಷಕ್ಕೆ ನಾಲ್ಕು ಸಂಚಿಕೆ ಮುದ್ರಿಸಿ ಸರಕಾರಿ ಜಾಹೀರಾತಿಗೆ ಕೈಯೊಡ್ಡುವವರೂ ಇದ್ದಾರೆ. ಇವರು ಅಳಿದರೆ ನನಗೆ ದುಃಖವಿಲ್ಲ. ಆದರೆ ಓದುಗನು ಹಣ ಕೊಡದಿದ್ದಾಗ ಪತ್ರಿಕೆ ಬೇರೆ ಯಾರ ಹಣದಿಂದಲೋ ನಡೆಯಬೇಕಾಗುತ್ತದೆ, ಆ ಬೇರೆಯವರಿಗೆ ಬೇರೆ ಉದ್ದೇಶಗಳಿರುತ್ತವೆ ಎಂಬುದನ್ನು ಮರೆಯಬಾರದು. ಪಿ. ಲಂಕೇಶರು 1980ರಲ್ಲಿ ತಮ್ಮ ವಾರಪತ್ರಿಕೆಯನ್ನು ಆರಂಭಿಸಿದಾಗ ಜಾಹೀರಾತನ್ನೇ ತೆಗೆದುಕೊಳ್ಳಲಿಲ್ಲ. ಓದುಗರು ಕೊಟ್ಟ ಬಿಡಿಕಾಸಿನಿಂದಲೇ ನಡೆಸಿದರು. ಅವರ ಅಭಿಪ್ರಾಯಗಳೆಲ್ಲ ನನಗೆ ಒಪ್ಪಿಗೆಯಾಗಿರಲಿಲ್ಲ. ಆದರೆ ಅವರು ಯಾರ ಹಂಗಿನಲ್ಲಿದ್ದಾರೆ ಎಂದು ಯೋಚಿಸುವ ಅಗತ್ಯ ಬೀಳುತ್ತಿರಲಿಲ್ಲ.

ಇಲ್ಲಿಯೇ ನನ್ನನ್ನು ಬಹುಕಾಲದಿಂದ ಕಾಡುತ್ತಿರುವ ನೈತಿಕ ಪ್ರಶ್ನೆ ಎದುರಾಗುತ್ತದೆ. ಕೇಳದೆ ಬಂದದ್ದಕ್ಕೆ, ಬಿಟ್ಟಿಯಾಗಿ ಬಂದದ್ದಕ್ಕೆ ನಾವು ಋಣಿಗಳೇ? ಬಾಗಿಲಡಿಯಿಂದ ಬಂದ ಹಾಳೆಯನ್ನು ಓದಿದೆ. ಅದರಿಂದ ಪ್ರಯೋಜನ ಪಡೆದೆ. ಕೊಡು ಎಂದು ಯಾರೂ ಕೇಳಲಿಲ್ಲ. ಕಾನೂನಿನ ದೃಷ್ಟಿಯಲ್ಲಿ ನನ್ನ ಮೇಲೆ ಯಾವ ಸಾಲವೂ ಇಲ್ಲ. ಮಲ್ಲೇಶ್ವರದ ಗುರುಮಠದಲ್ಲಿ ನಮಗೆ ಸಂತ ಥಾಮಸ್ ಅಕ್ವಿನಾಸರನ್ನು ಪಾಠ ಮಾಡುತ್ತಿದ್ದಾಗ ಋಣದಲ್ಲಿ ಎರಡು ಬಗೆ ಎಂದು ಕಲಿತಿದ್ದೆವು. ಕಾನೂನು ವಸೂಲು ಮಾಡಬಲ್ಲ ಋಣ ಒಂದು. ಸಜ್ಜನಿಕೆ ಮಾತ್ರ ತೀರಿಸಬಲ್ಲ ನೈತಿಕ ಋಣ ಇನ್ನೊಂದು. ಕೃತಜ್ಞತೆಯನ್ನು ಅವರು ಈ ಎರಡನೆಯ ಬಗೆಯಲ್ಲಿ ಸೇರಿಸುತ್ತಾರೆ. ಆಶ್ಚರ್ಯವೆಂದರೆ ಸತ್ಯವನ್ನು ನುಡಿಯುವುದನ್ನೂ ಅಲ್ಲಿಯೇ ಸೇರಿಸುತ್ತಾರೆ. ಒಬ್ಬರ ಮಾತನ್ನು ಒಬ್ಬರು ನಂಬದೆ ಮನುಷ್ಯರು ಕೂಡಿ ಬಾಳಲಾರರು, ಆದ್ದರಿಂದ ಸತ್ಯವು ನೆರೆಯವನಿಗೆ ನಾವು ಸಲ್ಲಿಸಬೇಕಾದ ಬಾಕಿ ಎನ್ನುವುದು ಅವರ ವಾದದ ಸಾರ. ಇದನ್ನು ಓದಿದಾಗ ನನಗೆ ಇಪ್ಪತ್ತಮೂರು ವರ್ಷ. ಪರೀಕ್ಷೆಗೆ ಬರೆದು ಮರೆತುಬಿಟ್ಟಿದ್ದೆ. ನಮ್ಮ ನಾಡಿನ ಪರಂಪರೆಯೂ ಋಣಗಳನ್ನು ಎಣಿಸುವಾಗ ದೇವರದು ಹಾಗೂ ಪಿತೃಗಳದರ ಜೊತೆಗೆ ಅರಿವು ಕೊಟ್ಟವರ ಋಣವನ್ನು ಹೇಳುತ್ತದೆ.

ಸತ್ಯ ನನ್ನ ನೆರೆಯವನಿಗೆ ಸಲ್ಲಬೇಕಾದ ಬಾಕಿಯಾದರೆ, ಆ ಸತ್ಯವನ್ನು ನನ್ನ ಪರವಾಗಿ ಬಿಸಿಲಿನಲ್ಲಿ ಅಲೆದು ಹುಡುಕಿ ತರುವವನಿಗೂ ನಾನು ಏನನ್ನೋ ಸಲ್ಲಿಸಬೇಕಲ್ಲವೇ? ಮೊಬೈಲಿನಲ್ಲಿ ಬರುವುದು ಬಿಟ್ಟಿ ಎಂದುಕೊಂಡಿದ್ದೇವೆ. ಡೇಟಾ ಪ್ಯಾಕಿಗೆ ತಿಂಗಳು ತಿಂಗಳು ಹಣ ಕಟ್ಟುತ್ತೇವೆ, ಅದು ಸುದ್ದಿ ತಂದವನಿಗೆ ಹೋಗುವುದಿಲ್ಲ. ದಾರಿ ಹಾಕಿದವನಿಗೆ ಹೋಗುತ್ತದೆ. ನಮ್ಮ ಹಿರಿಯರು ಹಿತ್ತಲ ಗಿಡ ಮದ್ದಲ್ಲ ಎಂದು ಹೇಳಿದ್ದು ಜನರ ಸ್ವಭಾವವನ್ನು ಕಂಡೇ.

ಅಂತರ್ಜಾಲವನ್ನು ದೂರಿ ಮುಗಿಸುವುದು ಅನ್ಯಾಯವಾಗುತ್ತದೆ. 2021ರ ಏಪ್ರಿಲ್, ಮೇ ತಿಂಗಳುಗಳಲ್ಲಿ ಆಮ್ಲಜನಕದ ಸಿಲಿಂಡರನ್ನು ನಮ್ಮ ಧರ್ಮಕೇಂದ್ರದ ಇಬ್ಬರಿಗೆ ಹುಡುಕಿಕೊಟ್ಟದ್ದು ಇದೇ ವಾಟ್ಸ್ಆ್ಯಪ್ ಗುಂಪುಗಳು. ಹದಿನೈದು ದಿನಕ್ಕೊಮ್ಮೆ ಬರುವ ಯಾವ ಪತ್ರಿಕೆಯಿಂದಲೂ ಅದು ಆಗುತ್ತಿರಲಿಲ್ಲ. 2008ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ‘ಸಿಟಿಜನ್ ಮ್ಯಾಟರ್ಸ್’ ಎಂಬ ಅಂತರ್ಜಾಲ ಪತ್ರಿಕೆ ವಾರ್ಡು, ಕೆರೆ, ಕಸ, ನೀರು ಇವುಗಳನ್ನೇ ವಿಷಯವಾಗಿಸಿಕೊಂಡು ಲಾಭೋದ್ದೇಶವಿಲ್ಲದ ಪ್ರತಿಷ್ಠಾನದ ಆಶ್ರಯದಲ್ಲಿ ನಡೆದು ಬಂದಿದೆ. ಇಂಗ್ಲಿಷ್ ಬಲ್ಲವರಿಗೆ ಅದು ಉಪಕಾರಿ. ಕಾಗದವೇ ಉಳಿಯಬೇಕೆಂದು ನಾನು ಹಟ ಹಿಡಿಯುವವನಲ್ಲ. ನಡೆದುಹೋಗಿ ನೋಡಿ ಬಂದವನೊಬ್ಬ ಇರಬೇಕು, ಬರೆದುದರ ಕೆಳಗೆ ಅವನ ಹೆಸರಿರಬೇಕು. ಅದು ಗಾಜಿನ ಮೇಲೆ ಬಂದರೂ ಸರಿ. ದಿವಂಗತ ಪೋಪ್ ಫ್ರಾನ್ಸಿಸರು 2021ರ ವಿಶ್ವ ಸಂಪರ್ಕ ಮಾಧ್ಯಮ ದಿನದ ಸಂದೇಶಕ್ಕೆ ಫಿಲಿಪ್ಪನು ನತಾನಿಯೇಲನನ್ನು ಕರೆದ ಪ್ರಸಂಗವನ್ನೇ ಆಧಾರವಾಗಿಟ್ಟುಕೊಂಡು, ಬೀದಿಗಿಳಿಯದೆ ಕಂಪ್ಯೂಟರಿನ ಮುಂದೆ ಕುಳಿತೇ ತಯಾರಾಗುವ ಸುದ್ದಿಯ ಬಗೆಗೆ ಎಚ್ಚರಿಸಿದ್ದರು. ನಜರೇತಿನಿಂದ ಒಳ್ಳೆಯದು ಬರಬಹುದೇ ಎಂಬ ಆ ಶಿಷ್ಯನ ಅನುಮಾನಕ್ಕೆ ಗೆಳೆಯನು ವಾದ ಹೂಡಲಿಲ್ಲ. ಎದ್ದು ಬಂದು ಕಣ್ಣಾರೆ ನೋಡೆಂದು ಕರೆದ.

ನೋಡದೆ ನಂಬುವುದು ಏನು ಮಾಡಬಲ್ಲುದು ಎಂಬುದಕ್ಕೆ ದೂರ ಹೋಗಬೇಕಿಲ್ಲ. 2018ರ ಮೇ 23ರಂದು, ಜಯನಗರದಿಂದ ಕೆಲವೇ ಕಿಲೋಮೀಟರು ದೂರದ ಚಾಮರಾಜಪೇಟೆಯಲ್ಲಿ, ರಾಜಸ್ಥಾನದಿಂದ ಕೆಲಸ ಹುಡುಕಿಕೊಂಡು ಬಂದಿದ್ದ 26 ವರ್ಷದ ಯುವಕನೊಬ್ಬನನ್ನು ಮಕ್ಕಳ ಕಳ್ಳನೆಂದು ತಿಳಿದು ಜನರು ಹೊಡೆದು ಕೊಂದರು. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸಂದೇಶಗಳು ವಾರಗಳಿಂದ ಮೊಬೈಲುಗಳಲ್ಲಿ ಹರಿದಾಡುತ್ತಿದ್ದವು. ಊರ ಪತ್ರಿಕೆಯೊಂದಿದ್ದರೆ ಅವನು ಬದುಕುತ್ತಿದ್ದ ಎಂದು ನಾನು ಹೇಳಲಾರೆ. ಹಾಗೆ ಹೇಳುವುದು ಸತ್ತವನನ್ನು ನನ್ನ ವಾದಕ್ಕೆ ಬಳಸಿಕೊಂಡಂತೆ. ಆದರೆ ಹೊಡೆದವರೂ ಬಹುಶಃ ನಮ್ಮ ನಿಮ್ಮಂಥವರೇ. ಠಾಣೆಯಲ್ಲಿ ವಿಚಾರಿಸಿದೆ, ನಮ್ಮ ಭಾಗದಲ್ಲಿ ಯಾವ ಮಗುವೂ ಕಾಣೆಯಾಗಿಲ್ಲ ಎಂದು ಅವರು ನಂಬುವ ಒಬ್ಬನಾದರೂ ಆ ವಾರಗಳಲ್ಲಿ ಅವರಿಗೆ ಹೇಳಬೇಕಾಗಿತ್ತು.

ಸದಯ ಸಮಾರಿಯದವನ ಸಾಮತಿಯನ್ನು ನಾವು ಎಷ್ಟು ಸಲ ಕೇಳಿದ್ದೇವೆ! ಯಾಜಕನೂ ಲೇವಿಯನೂ ಗಾಯಗೊಂಡವನನ್ನು ನೋಡಿ ಪಕ್ಕಕ್ಕೆ ಸರಿದು ಹೋದರು. ಯಾಜಕನಾದ ನನಗೆ ಆ ಭಾಗವನ್ನು ಪೀಠದಿಂದ ಓದುವಾಗಲೆಲ್ಲ ಸ್ವಲ್ಪ ಮುಜುಗರವಾಗುತ್ತದೆ. ಆದರೂ ಒಂದು ಮಾತು: ಅವರು ಅವನನ್ನು ನೋಡಿದರಂತೂ ಹೌದು. ಆ ದಾರಿಯಲ್ಲಿ ಯಾರು ಸಿಗಬೇಕೆಂಬ ಆಯ್ಕೆ ಅವರಿಗಿರಲಿಲ್ಲ. ಇಂದು ನಾನು ಯಾವ ಗುಂಪಿನಲ್ಲಿರಬೇಕು, ಯಾರ ಸುದ್ದಿ ನನಗೆ ಬರಬೇಕು, ಯಾರನ್ನು ಮೌನಗೊಳಿಸಬೇಕು ಎಂಬುದೆಲ್ಲ ನನ್ನ ಬೆರಳಿನಲ್ಲಿದೆ. ಧರ್ಮಕೇಂದ್ರದ ಗುಂಪಿನಲ್ಲಿ ನಮ್ಮವರದೇ ಸುದ್ದಿ. ಅಪಾರ್ಟ್‌ಮೆಂಟಿನ ಗುಂಪಿನಲ್ಲಿ ಗೇಟಿನೊಳಗಿನವರದೇ ಸುದ್ದಿ. ಆ ನಾಲ್ಕು ಪುಟದ ಹಾಳೆಯಲ್ಲಿ ನಾನು ಆಯ್ದುಕೊಳ್ಳದ ಜನರೆಲ್ಲ ಇದ್ದರು. ಹೂ ಮಾರುವಾಕೆಯ ಮಗಳ ಅಂಕಪಟ್ಟಿಯನ್ನು ನಾನು ಕೇಳಿರಲಿಲ್ಲ. ಓದಿದ ಮೇಲೆ ಮಾತ್ರ ದೇವಾಲಯದ ಮುಂದೆಯೇ ಕುಳಿತಿರುತ್ತಿದ್ದ ಆ ತಾಯಿಯನ್ನು ಮಾತನಾಡಿಸದೆ ದಾಟಿಹೋಗಲು ನನ್ನಿಂದ ಆಗುತ್ತಿರಲಿಲ್ಲ.

ಕಳೆದ ತಿಂಗಳು ನಾನು ಆ ಸಂಪಾದಕರನ್ನು ನೋಡಲು ಹೋಗಿದ್ದೆ. ಎಂಬತ್ತು ದಾಟಿದ್ದಾರೆ. ಮನೆಯಾಕೆ ಈಗಿಲ್ಲ. ಹಳೆಯ ಸಂಚಿಕೆಗಳೆಲ್ಲ ವರ್ಷವಾರು ಕಟ್ಟಿ ಮಂಚದ ಕೆಳಗೆ ಇಟ್ಟಿದ್ದಾರೆ. ಮೊಮ್ಮಗ ಬಿಡುವಿನಲ್ಲಿ ಒಂದೊಂದೇ ಪುಟವನ್ನು ಮೊಬೈಲಿನಲ್ಲಿ ಚಿತ್ರ ತೆಗೆದಿಡುತ್ತಿದ್ದಾನಂತೆ. ನಾನು ಒಂದು ಲಕೋಟೆಯಲ್ಲಿ ಐದು ಸಾವಿರ ರೂಪಾಯಿ ಹಾಕಿಕೊಂಡು ಹೋಗಿದ್ದೆ. ಒಂಬತ್ತು ವರ್ಷ ಓದಿದ್ದೇನೆ, ಒಂದು ರೂಪಾಯಿಯನ್ನೂ ಕೊಟ್ಟಿಲ್ಲ, ದಯವಿಟ್ಟು ತೆಗೆದುಕೊಳ್ಳಿ ಎಂದೆ.

“ಒಂಬತ್ತು ಅಲ್ಲ ಫಾದರ್” ಎಂದು ಅವರು ಕನ್ನಡಕ ಹಾಕಿಕೊಂಡರು. ಕಾಗದದ ಮೇಲೆ ಲೆಕ್ಕ ಬರೆದರು. ಮೊದಲ ಸಲ ಐದು ವರ್ಷ, ಆಗ ವಾರ್ಷಿಕ ಚಂದಾ 50. ಎರಡನೆಯ ಸಲ ಮೂರು ವರ್ಷ ಒಂಬತ್ತು ತಿಂಗಳು, ಆಗ 100. ಒಟ್ಟು 625 ರೂಪಾಯಿ. ಅಷ್ಟನ್ನು ಎಣಿಸಿಕೊಂಡು ಉಳಿದದ್ದನ್ನು ಲಕೋಟೆಯೊಳಗೇ ಇಟ್ಟು ನನ್ನ ಕೈಗೆ ಮರಳಿಸಿದರು. ಎಷ್ಟು ಒತ್ತಾಯಿಸಿದರೂ ಕೇಳಲಿಲ್ಲ. ಆ ಮೇಲೆ ಗೋಡೆಯ ಕಪಾಟಿನಿಂದ ಹಳೆಯ ರಸೀದಿ ಪುಸ್ತಕವನ್ನು ತೆಗೆದು, ಇಂಗಾಲದ ಹಾಳೆಯನ್ನು ಸರಿಪಡಿಸಿ, ನನ್ನ ಹೆಸರು ಬರೆದು ರಸೀದಿ ಕೊಟ್ಟರು. ಅದರ ಹಿಂದಿನ ರಸೀದಿಯ ಅಡಿಪ್ರತಿ ಪುಸ್ತಕದಲ್ಲಿ ಹಾಗೆಯೇ ಇತ್ತು. ದಿನಾಂಕ 2020ರ ಮಾರ್ಚ್ 4.